ದೋಣಿಯ ತೂಕ ತಿಳಿದು ವೀಲ್ ಪೈಲಟ್ ಕೊಳ್ಳಿ

ಹಿಂದಿನಿಂದ ಬಂದ ಅಲೆಯೊಂದು ದೋಣಿಯ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ತಳ್ಳುತ್ತದೆ. ದೋಣಿಯನ್ನು ತಾನಾಗಿ ದಿಕ್ಕು ಹಿಡಿದು ನಡೆಸಲೆಂದು ಚುಕ್ಕಾಣಿ ಚಕ್ರಕ್ಕೆ ಕೂರಿಸಿದ ಯಂತ್ರವಾದ ವೀಲ್ ಪೈಲಟ್‌ನ ಮೋಟಾರು ಗುಂಯ್‌ಗುಟ್ಟುತ್ತಾ ಚಕ್ರವನ್ನು ತಿರುಗಿಸಲು ಹೊರಡುತ್ತದೆ. ಅರ್ಧ ದಾರಿಯಲ್ಲಿ ಅದರ ಸದ್ದು ದಪ್ಪಗಾಗುತ್ತದೆ. ಆಮೇಲೆ ಒಳಗಿನ ಬೆಲ್ಟು ಹಲ್ಲು ತಪ್ಪಿ, ಟಕ್ ಟಕ್ ಎಂದು ಜಾರತೊಡಗುತ್ತದೆ. ದೋಣಿ ಅಲೆಗೆ ಅಡ್ಡಲಾಗಿ ತಿರುಗಿ ವಾಲುತ್ತದೆ. ಗೆಳೆಯರೊಬ್ಬರ ದೋಣಿಯಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ ನಾನು ಕೇಳಿದ ಆ ಸದ್ದು ಇಂದಿಗೂ ಕಿವಿಯಲ್ಲಿದೆ. ಪೈಲಟ್ ಕೆಟ್ಟಿರಲಿಲ್ಲ, ಜೋಡಣೆಯೂ ಸರಿಯಾಗಿತ್ತು. ದೋಣಿ ಕಟ್ಟಿದವರು ಕಾಗದದಲ್ಲಿ ಬರೆದಿದ್ದ ತೂಕವನ್ನು ನಂಬಿ ಗೆಳೆಯರು ಆ ಪೈಲಟ್ ಕೊಂಡಿದ್ದರು. ಸಾಮಾನು ತುಂಬಿ ಹೊರಟ ದೋಣಿ ಅದಕ್ಕಿಂತ ಒಂದು ಟನ್ನಿಗೂ ಹೆಚ್ಚು ಭಾರವಾಗಿತ್ತು.

ಆದ್ದರಿಂದ ವೀಲ್ ಪೈಲಟ್ ಕೊಳ್ಳುವ ಕೆಲಸ ನಿಮ್ಮ ದೋಣಿಯ ಬದಿಯಲ್ಲಿ ನೀರು ಎಲ್ಲಿ ಮುಟ್ಟುತ್ತಿದೆ ಎಂದು ಬಗ್ಗಿ ನೋಡುವುದರಿಂದ ಶುರುವಾಗಬೇಕು. ಅಂಗಡಿ ಆಮೇಲೆ.

ಈ ಯಂತ್ರ ಮಾಡುವುದೇನು

ವೀಲ್ ಪೈಲಟ್ ಎಂದರೆ ಚುಕ್ಕಾಣಿ ಚಕ್ರದ ಕಡ್ಡಿಗಳಿಗೆ ಬಿಗಿಯುವ ದುಂಡನೆಯ ಬಳೆ. ಅದರೊಳಗೆ ಒಂದು ಚಿಕ್ಕ ಮೋಟಾರು, ಹಲ್ಲಿನ ಬೆಲ್ಟು ಮತ್ತು ಒಂದು ಕ್ಲಚ್ ಇರುತ್ತವೆ. ಕ್ಲಚ್ಚಿನ ಹಿಡಿಯನ್ನು ತಿರುಗಿಸಿದರೆ ಬೆಲ್ಟು ಬಿಗಿಯಾಗಿ ಮೋಟಾರು ಚಕ್ರವನ್ನು ಹಿಡಿದುಕೊಳ್ಳುತ್ತದೆ, ಬಿಟ್ಟರೆ ಚಕ್ರ ನಿಮ್ಮ ಕೈಗೆ ಬರುತ್ತದೆ. ದಿಕ್ಕನ್ನು ಅಳೆಯುವ ಸಂವೇದಕ, ಲೆಕ್ಕ ಹಾಕುವ ಗಣಕ ಪೆಟ್ಟಿಗೆ, ಗುಂಡಿಗಳಿರುವ ಫಲಕ ಬೇರೆ ಬೇರೆ ಇರುತ್ತವೆ. ಯೋಚಿಸುವ ಭಾಗ ದೊಡ್ಡ ಪೈಲಟ್‌ಗಳಲ್ಲೂ ಸಣ್ಣವುಗಳಲ್ಲೂ ಹೆಚ್ಚುಕಡಿಮೆ ಒಂದೇ. ತೂಕದ ಪ್ರಶ್ನೆ ಬರುವುದು ತೋಳ್ಬಲದ ವಿಷಯದಲ್ಲಿ, ಅಂದರೆ ಈ ಬಳೆಯ ವಿಷಯದಲ್ಲಿ. ಎಷ್ಟೇ ಜಾಣ ಗಣಕವಿದ್ದರೂ ತೋಳು ಸೋತರೆ ದೋಣಿ ತಿರುಗುವುದಿಲ್ಲ.

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಕ್ರದಿಂದ ಚುಕ್ಕಾಣಿಯವರೆಗೆ ತಂತಿ, ಸರಪಳಿ ಅಥವಾ ಸರಳುಗಳ ಮೂಲಕ ಸಾಗುವ ಯಾಂತ್ರಿಕ ವ್ಯವಸ್ಥೆ ಇದ್ದರೆ ಮಾತ್ರ ಈ ಬಗೆಯ ಪೈಲಟ್ ಕೊಳ್ಳಿ. ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಸ್ಟೀರಿಂಗ್ ಇರುವ ದೋಣಿಗೆ ಬೇರೆಯೇ ಪಂಪು ಬೇಕಾಗುತ್ತದೆ.

ಮೊದಲ ಹೆಜ್ಜೆ: ನಿಜವಾದ ತೂಕ

ದೋಣಿಯ ಉದ್ದ ನೋಡಿ ಪೈಲಟ್ ಆರಿಸುವವರು ಬಹಳ ಮಂದಿ. ಉದ್ದ ಇಲ್ಲಿ ದಾರಿ ತಪ್ಪಿಸುತ್ತದೆ. ಜೆ/105 ಎಂಬ ಓಟದ ದೋಣಿ 34 ಅಡಿಗಿಂತ ತುಸು ಹೆಚ್ಚು ಉದ್ದವಿದ್ದು ಸುಮಾರು 3,500 ಕಿಲೋ ತೂಗುತ್ತದೆ. ವೆಸ್ಟ್‌ಸೇಲ್ 32 ಅದಕ್ಕಿಂತ ಗಿಡ್ಡ, ತೂಕ ಮಾತ್ರ ಸುಮಾರು 8,800 ಕಿಲೋ. ಗಿಡ್ಡ ದೋಣಿಯೇ ಎರಡೂವರೆ ಪಟ್ಟು ಭಾರ! ಇವೆರಡಕ್ಕೂ ಒಂದೇ ಪೈಲಟ್ ಸಾಕೆಂದು ಯಾರಾದರೂ ಹೇಳಿದರೆ ನಂಬಬೇಡಿ.

ನೋಂದಣಿ ಪತ್ರದಲ್ಲಿರುವ ‘ಗ್ರಾಸ್ ಟನ್ನೇಜ್’ ಅಂಕಿಯನ್ನೂ ಪಕ್ಕಕ್ಕಿಡಿ. ಹೆಸರಿನಲ್ಲಿ ಟನ್ ಇದ್ದರೂ ಅದು ದೋಣಿಯ ಒಳಗಿನ ಜಾಗದ ಅಳತೆ, ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮಗೆ ಬೇಕಾದದ್ದು ಡಿಸ್‌ಪ್ಲೇಸ್‌ಮೆಂಟ್, ಅಂದರೆ ದೋಣಿ ಪಕ್ಕಕ್ಕೆ ಸರಿಸುವ ನೀರಿನ ತೂಕ. ತೇಲುವ ದೋಣಿಯ ತೂಕವೂ ಅಷ್ಟೇ ಇರುತ್ತದೆ. ಕಂಪನಿಯ ಕರಪತ್ರದಲ್ಲಿ ಈ ಅಂಕಿ ಸಿಗುತ್ತದೆ. ಅಮೆರಿಕದ ದೋಣಿಯಾದರೆ ಅದು ಪೌಂಡಿನಲ್ಲಿರುತ್ತದೆ, 2.2ರಿಂದ ಭಾಗಿಸಿ ಕಿಲೋ ಮಾಡಿಕೊಳ್ಳಿ.

ಆದರೆ ಕರಪತ್ರದ ಅಂಕಿ ಸಾಮಾನ್ಯವಾಗಿ ಖಾಲಿ ದೋಣಿಯದು. ಅದಕ್ಕೆ ನೀವು ತುಂಬಿದ್ದನ್ನೆಲ್ಲ ಸೇರಿಸಬೇಕು. 300 ಲೀಟರ್ ಕುಡಿಯುವ ನೀರು ಎಂದರೆ 300 ಕಿಲೋ. 100 ಲೀಟರ್ ಡೀಸೆಲ್ ಸುಮಾರು 85 ಕಿಲೋ. 8 ಮಿಲಿಮೀಟರ್ ದಪ್ಪದ ಲಂಗರು ಸರಪಳಿ ಮೀಟರಿಗೆ 1.4 ಕಿಲೋ ಬರುತ್ತದೆ, ಹಾಗಾಗಿ 50 ಮೀಟರಿಗೆ 70 ಕಿಲೋ. ನಾಲ್ಕು ಜನ ತಮ್ಮ ಚೀಲಗಳೊಂದಿಗೆ ಹತ್ತಿದರೆ 350 ಕಿಲೋ. ಇಲ್ಲಿಗೇ 800 ಕಿಲೋ ದಾಟಿತು. ಇನ್ನೂ ಉಪಕರಣಗಳ ಪೆಟ್ಟಿಗೆ, ಹೆಚ್ಚುವರಿ ಬ್ಯಾಟರಿಗಳು, ಸಣ್ಣ ದೋಣಿ, ಅದರ ಎಂಜಿನ್ನು, ಅಡುಗೆ ಸಾಮಾನು, ಎರಡನೆಯ ಲಂಗರು ಬಾಕಿ ಇವೆ. ಪ್ರತಿ ವರ್ಷ ಒಂದಿಷ್ಟು ಸಾಮಾನು ಒಳಗೆ ಬರುತ್ತದೆ, ಹೊರಗೆ ಹೋಗುವುದು ಅಪರೂಪ.

ಲೆಕ್ಕ ಹಾಕಲು ಬೇಸರವಾದರೆ ಖಾಲಿ ತೂಕಕ್ಕೆ ಶೇಕಡಾ 20 ಸೇರಿಸಿಕೊಳ್ಳಿ. ಪೈಲಟ್ ತಯಾರಕರೇ ಸಾಮಾನ್ಯವಾಗಿ ಕೊಡುವ ಸಲಹೆ ಇದು. ದೀರ್ಘ ಪ್ರಯಾಣಕ್ಕೆ ಸಜ್ಜಾದ ದೋಣಿಯಲ್ಲಿ ಅದೂ ಸಾಲದೆ ಹೋಗಬಹುದು.

ಇನ್ನೊಂದು ದಾರಿ ನನಗೆ ಬಲು ಇಷ್ಟ, ಏಕೆಂದರೆ ಅದರಲ್ಲಿ ದೋಣಿಯೇ ಉತ್ತರ ಹೇಳುತ್ತದೆ. ವಿನ್ಯಾಸದ ಪ್ರಕಾರ ದೋಣಿ ನೀರಿನಲ್ಲಿ ಎಲ್ಲಿಯವರೆಗೆ ಮುಳುಗಬೇಕು ಎಂಬ ಗೆರೆ ನಕ್ಷೆಯಲ್ಲಿರುತ್ತದೆ. ಶಾಂತ ನೀರಿನಲ್ಲಿ, ಪ್ರಯಾಣಕ್ಕೆ ಹೊರಡುವ ದಿನದಂತೆಯೇ ಎಲ್ಲವನ್ನೂ ತುಂಬಿ, ಆ ಗೆರೆಗಿಂತ ಎಷ್ಟು ಸೆಂಟಿಮೀಟರ್ ಕೆಳಗಿಳಿದಿದೆ ಎಂದು ಮುಂದೆ, ನಡುವೆ, ಹಿಂದೆ ಅಳೆದು ಸರಾಸರಿ ತೆಗೆಯಿರಿ. ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದರಲ್ಲಿ ಮೂರನೇ ಎರಡು ಭಾಗ ಹಿಡಿದರೆ ನೀರಿನ ಮೇಲೆ ಅದು ಆಕ್ರಮಿಸುವ ವಿಸ್ತೀರ್ಣ ಸಿಗುತ್ತದೆ. ಉದ್ದ 9 ಮೀಟರ್, ಅಗಲ 3 ಮೀಟರ್ ಇದ್ದರೆ ವಿಸ್ತೀರ್ಣ ಸುಮಾರು 18 ಚದರ ಮೀಟರ್. ಸಮುದ್ರದ ನೀರು ಘನ ಮೀಟರಿಗೆ 1,025 ಕಿಲೋ ತೂಗುವುದರಿಂದ, ಈ ದೋಣಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 185 ಕಿಲೋ ಹೊತ್ತಿದೆ ಎಂದರ್ಥ. ಐದು ಸೆಂಟಿಮೀಟರ್ ಇಳಿದಿದ್ದರೆ 925 ಕಿಲೋ. ನಿಮ್ಮ ದೋಣಿಯ ತಳಬಣ್ಣದ ಗೆರೆಯನ್ನು ಯಾರಾದರೂ ಹಿಂದೆ ಮೇಲಕ್ಕೆ ಏರಿಸಿ ಬಳಿದಿದ್ದರೆ, ಅದೇ ಒಂದು ಸಾಕ್ಷಿ.

ದೋಣಿಯನ್ನು ದಡಕ್ಕೆತ್ತುವ ದಿನ ಕ್ರೇನಿನ ತೂಕದ ಮಾಪಕ ಸಿಕ್ಕರೆ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ಪೆಟ್ಟಿಗೆಯ ಮೇಲಿನ ಅಂಕಿಯನ್ನು ಓದುವುದು

ಈಗ ಪೈಲಟ್‌ನ ಮಿತಿಗೆ ಬರೋಣ. ರೇಮರೀನ್ ಕಂಪನಿಯ ಇವಿ-100 ವೀಲ್ ಪೈಲಟ್‌ಗೆ ಕೊಟ್ಟಿರುವ ಗರಿಷ್ಠ ಮಿತಿ 7,500 ಕಿಲೋ, ಅದೂ ಸಾಮಾನು ತುಂಬಿದ ದೋಣಿಯ ತೂಕ. ಹೋಲಿಕೆಗೆ ಹೇಳುವುದಾದರೆ, ಚಕ್ರದ ಬದಲು ಹಿಡಿಕೋಲಿನಿಂದ ಚುಕ್ಕಾಣಿ ತಿರುಗಿಸುವ ದೋಣಿಗಳಿಗೆಂದು ಅದೇ ಕಂಪನಿ ಮಾಡುವ ಸಣ್ಣ ಟಿಲ್ಲರ್ ಪೈಲಟ್‌ಗಳಲ್ಲಿ ಎಸ್‌ಟಿ1000ಕ್ಕೆ 3,000 ಕಿಲೋ, ಎಸ್‌ಟಿ2000ಕ್ಕೆ 4,500 ಕಿಲೋ ಮಿತಿಯಿದೆ. ಡೆಕ್ಕಿನ ಕೆಳಗೆ ಕೂರಿಸುವ, ಚುಕ್ಕಾಣಿಯ ದಂಡಕ್ಕೇ ಬಲ ಕೊಡುವ ಲೀನಿಯರ್ ಡ್ರೈವ್‌ಗಳಲ್ಲಿ ಟೈಪ್ 1 ಎಂಬುದಕ್ಕೆ 11,000 ಕಿಲೋ, ಟೈಪ್ 2ರ ಗಿಡ್ಡ ಮಾದರಿಗೆ 15,000, ಉದ್ದ ಮಾದರಿಗೆ 20,000.

ಈ ಅಂಕಿಗಳನ್ನು ಓದುವ ರೀತಿಯೊಂದಿದೆ. ‘ಗರಿಷ್ಠ’ ಎಂದರೆ ಅಲ್ಲಿಯವರೆಗೂ ಹೋಗಿ ಎಂಬ ಆಹ್ವಾನವಲ್ಲ, ಅಲ್ಲಿಂದಾಚೆ ಖಂಡಿತ ಬೇಡ ಎಂಬ ಗಡಿ. ನಾನು ಪಾಲಿಸುವ ನಿಯಮ ಹೀಗಿದೆ: ತುಂಬಿದ ದೋಣಿಯ ತೂಕ ಪೈಲಟ್‌ನ ಮಿತಿಯ ಮುಕ್ಕಾಲು ಭಾಗ ಮೀರಬಾರದು. 7,500ರ ಮುಕ್ಕಾಲು ಎಂದರೆ ಸುಮಾರು 5,600.

ಎರಡು ದೋಣಿಗಳನ್ನು ಇಟ್ಟು ನೋಡೋಣ. ಕ್ಯಾಟಲೀನಾ 30 ಖಾಲಿ ಇರುವಾಗ ಸುಮಾರು 4,600 ಕಿಲೋ, ಶೇಕಡಾ 20 ಸೇರಿಸಿದರೆ 5,500. ಮುಕ್ಕಾಲು ಗಡಿಯ ಒಳಗೇ ಇದೆ, ನಿಶ್ಚಿಂತೆಯಿಂದ ಕೊಳ್ಳಬಹುದು. ಕ್ಯಾಟಲೀನಾ 36 ಖಾಲಿ ಇರುವಾಗ ಸುಮಾರು 6,100 ಕಿಲೋ, ಶೇಕಡಾ 20 ಸೇರಿದರೆ 7,300 ದಾಟುತ್ತದೆ. ಕಾಗದದ ಮೇಲೆ ಇದೂ ಪಾಸು. ಒಳನಾಡಿನ ಕೆರೆ, ಕೊಲ್ಲಿಗಳಲ್ಲಿ ಹಗಲು ಹೊತ್ತು ಸಾಗಿ ಸಂಜೆಗೆ ಲಂಗರು ಹಾಕುವವರಿಗೆ ಸಾಕಾದೀತು. ತೆರೆದ ಸಮುದ್ರದಲ್ಲಿ ಮೂರು ರಾತ್ರಿ ಸಾಗಬೇಕಾದವರಿಗೆ ನಾನು ಬೇಡವೆನ್ನುತ್ತೇನೆ. ಬೆಲ್ಟು ಜಾರುವ ಸದ್ದು ಹುಟ್ಟುವುದು ಇಂಥ ಅಂಚಿನ ದೋಣಿಗಳಲ್ಲೇ.

ಹಾಗೆಂದು ಹಗುರ ದೋಣಿಗೆ ಅತಿ ದೊಡ್ಡ ಯಂತ್ರ ತರಬೇಕಾಗಿಯೂ ಇಲ್ಲ. ಬಳೆ ಭಾರವಾದಷ್ಟೂ ಕೈಯಿಂದ ನಡೆಸುವಾಗ ಚಕ್ರದ ಸೂಕ್ಷ್ಮ ಸ್ಪರ್ಶ ಮಾಯವಾಗುತ್ತದೆ.

ಮೂರನೆಯ ಹೆಜ್ಜೆ: ತೂಕದಾಚೆಯ ಹೊರೆ

ತಯಾರಕರು ತೂಕದಲ್ಲಿ ಮಿತಿ ಹೇಳುವುದು ಅದು ಎಲ್ಲರಿಗೂ ಸುಲಭವಾಗಿ ಸಿಗುವ ಅಂಕಿಯಾದ್ದರಿಂದ. ಪೈಲಟ್ ನಿಜವಾಗಿ ಹೋರಾಡುವುದು ಚುಕ್ಕಾಣಿಯ ಹಲಗೆಯ ಮೇಲೆ ನೀರು ಹಾಕುವ ಒತ್ತಡದೊಂದಿಗೆ. ಆ ಒತ್ತಡ ವೇಗದ ವರ್ಗದಂತೆ ಏರುತ್ತದೆ. 5 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗದಲ್ಲಿದ್ದ ದೋಣಿ ಅಲೆಯ ಇಳಿಜಾರಿನಲ್ಲಿ 7 ನಾಟ್‌ಗೆ ಜಿಗಿದರೆ ಹೊರೆ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ಹಲಗೆಯ ಒಂದು ಭಾಗ ತಿರುಗುವ ದಂಡದ ಮುಂದಕ್ಕೆ ಚಾಚಿರುವ ಸಮತೋಲಿತ ಚುಕ್ಕಾಣಿಗೆ ಕಡಿಮೆ ಬಲ ಸಾಕು. ಇಡೀ ಹಲಗೆ ದಂಡದ ಹಿಂದೆಯೇ ಇರುವ, ತಳದಲ್ಲಿ ಉದ್ದನೆಯ ಕೀಲ್ (ನೀರಿನೊಳಗೆ ಚಾಚಿದ ರೆಕ್ಕೆ) ಇರುವ ಹಳೆಯ ದೋಣಿಗಳ ಚುಕ್ಕಾಣಿ ಬಲವಾಗಿ ಎಳೆಯುತ್ತದೆ. ಹಾಗಾಗಿ ಒಂದೇ ತೂಕದ ಎರಡು ದೋಣಿಗಳಲ್ಲಿ ಒಂದು ಪೈಲಟ್ ಹಾಯಾಗಿ ದುಡಿದು, ಇನ್ನೊಂದರಲ್ಲಿ ಏದುಸಿರು ಬಿಡಬಹುದು.

ಇದನ್ನು ಊಹೆಗೆ ಬಿಡಬೇಕಿಲ್ಲ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯೊಂದನ್ನು ತನ್ನಿ. ಗಾಳಿ 15ರಿಂದ 18 ನಾಟ್ ಇರುವ ದಿನ, ನೀವು ಸಾಮಾನ್ಯವಾಗಿ ಕಟ್ಟುವಷ್ಟೇ ಹಾಯಿ ಕಟ್ಟಿ ಸಾಗುತ್ತಿರುವಾಗ, ಚಕ್ರದ ಅಂಚಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಅಂಚಿಗೆ ನೇರ ಸ್ಪರ್ಶರೇಖೆಯಲ್ಲಿ ಎಳೆಯಿರಿ. ಚಕ್ರ ಅಲುಗಾಡದೆ ನಿಲ್ಲಲು ಎಷ್ಟು ಕಿಲೋ ಬೇಕು, ಅದನ್ನು ಹೊರಳಿಸಲು ಎಷ್ಟು ಬೇಕು, ಎರಡನ್ನೂ ಓದಿ. ಚಕ್ರದ ವ್ಯಾಸ 90 ಸೆಂಟಿಮೀಟರ್ ಇದ್ದು, ಮುಳ್ಳು 5 ಕಿಲೋ ತೋರಿಸಿದರೆ, ತಿರುಚುಬಲ ಸುಮಾರು 22 ನ್ಯೂಟನ್ ಮೀಟರ್. ಲೆಕ್ಕ ಸರಳ: ಕಿಲೋವನ್ನು 9.8ರಿಂದ ಗುಣಿಸಿ, ಆಮೇಲೆ ಮೀಟರಿನಲ್ಲಿ ಚಕ್ರದ ತ್ರಿಜ್ಯದಿಂದ, ಅಂದರೆ ಇಲ್ಲಿ 0.45ರಿಂದ, ಗುಣಿಸಿ. ಮುಳ್ಳು 12ಕ್ಕೆ ಹೋದರೆ 53. ಪೈಲಟ್‌ನ ಕೈಪಿಡಿಯಲ್ಲಿ ಗರಿಷ್ಠ ತಿರುಚುಬಲ ಕೊಟ್ಟಿದ್ದರೆ ಅದರ ಪಕ್ಕ ಇದನ್ನು ಇಟ್ಟು ನೋಡಿ. ಹದವಾದ ಗಾಳಿಯಲ್ಲೇ ಅರ್ಧಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದರೆ ಬಿರುಗಾಳಿಗೆ ಉಳಿಯುವುದೇನು?

ಇದೇ ತಕ್ಕಡಿಯನ್ನು ದೋಣಿ ಕಟ್ಟೆಯಲ್ಲಿ ನಿಂತಿರುವಾಗಲೂ ಹಿಡಿಯಿರಿ. ನಿಂತ ದೋಣಿಯ ಚಕ್ರ ಎರಡು ಬೆರಳಿಗೆ ತಿರುಗಬೇಕು. ಅಲ್ಲೇ ಮೂರು ನಾಲ್ಕು ಕಿಲೋ ಬೇಡಿದರೆ ಅದು ನೀರಿನ ಹೊರೆಯಲ್ಲ, ತುಕ್ಕು ಹಿಡಿದ ರಾಟೆ, ಅತಿ ಬಿಗಿದ ತಂತಿ, ಉಬ್ಬಿದ ಬೇರಿಂಗ್‌ಗಳ ಹೊರೆ. ಪೈಲಟ್‌ಗೆ ಹಣ ಸುರಿಯುವ ಮೊದಲು ಅದನ್ನು ರಿಪೇರಿ ಮಾಡಿಸಿ. ತಂತಿಗಳು ಸಡಿಲವಾಗಿ ಚಕ್ರದಲ್ಲಿ ಆಟವಿದ್ದರೂ ತೊಂದರೆಯೇ. ಚುಕ್ಕಾಣಿ ಕದಲುವ ಮೊದಲು ಚಕ್ರ ನಾಲ್ಕು ಬೆರಳು ಸುಮ್ಮನೆ ತಿರುಗಿದರೆ ಪೈಲಟ್ ಆ ನಾಲ್ಕು ಬೆರಳನ್ನು ಇಡೀ ರಾತ್ರಿ ಆಚೀಚೆ ಬೆನ್ನಟ್ಟುತ್ತದೆ.

ಇನ್ನು ಹಾಯಿಗಳು. ಮುಖ್ಯ ಹಾಯಿ ಅತಿಯಾದಾಗ ದೋಣಿ ಗಾಳಿಯತ್ತ ಮೂತಿ ತಿರುಗಿಸಲು ಎಳೆಯುತ್ತಲೇ ಇರುತ್ತದೆ. ಚುಕ್ಕಾಣಿಗನ ತೋಳು ನೋಯುತ್ತಿದ್ದರೆ ಪೈಲಟ್‌ನ ತೋಳೂ ನೋಯುತ್ತದೆ ಎಂದೇ ತಿಳಿಯಿರಿ. ಹಾಯಿ ಕುಗ್ಗಿಸಿ, ಮುಖ್ಯ ಹಾಯಿಯನ್ನು ತುಸು ಸಡಿಲಿಸಿ. ಚುಕ್ಕಾಣಿ ನಡುವಿನಿಂದ ಮೂರು ನಾಲ್ಕು ಡಿಗ್ರಿಯಷ್ಟೇ ತಿರುಗಿ ಚಕ್ರ ನೆಮ್ಮದಿಯಾಗಿ ನಿಲ್ಲುವವರೆಗೂ ಹೊಂದಿಸಿ, ಆಮೇಲಷ್ಟೇ ಪೈಲಟ್ ಗುಂಡಿ ಒತ್ತಿ. ಹೀಗೆ ಹೊಂದಿಸಿದ ದೋಣಿಯಲ್ಲಿ ಅಂಚಿನ ಪೈಲಟ್ ಕೂಡ ನಿಮ್ಮ ಮರ್ಯಾದೆ ಉಳಿಸುತ್ತದೆ.

ನಾಲ್ಕನೆಯ ಹೆಜ್ಜೆ: ಚಕ್ರಕ್ಕೆ ಕೂರುತ್ತದೆಯೇ

ಇದು ಟೇಪು ಹಿಡಿದು ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಚಕ್ರದ ಕಡ್ಡಿಗಳ ದಪ್ಪ, ಅವುಗಳ ಸಂಖ್ಯೆ, ಚಕ್ರ ಬಟ್ಟಲಿನಂತೆ ಎಷ್ಟು ಒಳಬಾಗಿದೆ, ಬಳೆಗೂ ಚಕ್ರ ನಿಲ್ಲುವ ಕಂಬಕ್ಕೂ ನಡುವೆ ಎಷ್ಟು ಜಾಗವಿದೆ ಎಂದು ಅಳೆದು ಕೈಪಿಡಿಯ ನಕ್ಷೆಯೊಂದಿಗೆ ಹೋಲಿಸಿ. ಬಳೆ ತಾನೇ ಸುತ್ತದಂತೆ ತಡೆಯುವ ಗೂಟವೊಂದನ್ನು ಕಂಬಕ್ಕೆ ಗಟ್ಟಿಯಾಗಿ ಬಿಗಿಯಬೇಕು. ಮೋಟಾರಿನ ಪೂರ್ತಿ ಬಲ ತಡೆಯುವುದು ಆ ಪುಟ್ಟ ಗೂಟವೇ. ಚುಕ್ಕಾಣಿ ಒಂದು ಕೊನೆಯಿಂದ ಇನ್ನೊಂದಕ್ಕೆ ಹೋಗಲು ಚಕ್ರ ಎಷ್ಟು ಸುತ್ತು ತಿರುಗಬೇಕೆಂದು ಎಣಿಸಿ. ಮೂರೂವರೆ ಸುತ್ತಿಗಿಂತ ಹೆಚ್ಚಿದ್ದರೆ ಚುಕ್ಕಾಣಿ ನಿಧಾನವಾಗಿ ತಿರುಗಿ, ಪೈಲಟ್ ಅಲೆಗಿಂತ ಹಿಂದೆ ಬೀಳುತ್ತದೆ. ಭಾರದ ದೋಣಿಗಳಲ್ಲಿ ಚಕ್ರ ಹಗುರವಾಗಲೆಂದು ಗೇರನ್ನು ಹೀಗೆ ಇಟ್ಟಿರುವುದುಂಟು.

ಐದನೆಯ ಹೆಜ್ಜೆ: ಬ್ಯಾಟರಿ ಮತ್ತು ತಂತಿ

ಹದವಾದ ಹವೆಯಲ್ಲಿ ವೀಲ್ ಪೈಲಟ್ ಸರಾಸರಿ ಒಂದರಿಂದ ಒಂದೂವರೆ ಆಂಪಿಯರ್ ಎಳೆಯುತ್ತದೆ. ಒಂದೂವರೆ ಹಿಡಿದರೆ 24 ಗಂಟೆಗೆ 36 ಆಂಪಿಯರ್ ಗಂಟೆ. ಅಲೆ ಎದ್ದಾಗ ಇದು ದುಪ್ಪಟ್ಟಾಗಲೂಬಹುದು. 100 ಆಂಪಿಯರ್ ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸುವುದು ಕ್ಷೇಮ ಎಂಬುದನ್ನು ನೆನಪಿಟ್ಟು, ಫ್ರಿಜ್ಜು, ದೀಪ, ರೇಡಿಯೋ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿ. ಭಾರದ ದೋಣಿಯಲ್ಲಿ ಪೈಲಟ್ ಹೆಚ್ಚು ಹೊತ್ತು ಹೆಣಗುವುದರಿಂದ ವಿದ್ಯುತ್ತೂ ಹೆಚ್ಚು ಬೇಕು.

ಜನ ಎಡವುವುದು ತಂತಿಯಲ್ಲಿ. ಬ್ಯಾಟರಿಯಿಂದ ಪೈಲಟ್‌ಗೆ 6 ಮೀಟರ್ ದೂರ ಎಂದರೆ ವಿದ್ಯುತ್ ಹೋಗಿ ಬರುವ ದಾರಿ 12 ಮೀಟರ್. ಮೋಟಾರು ಜೋರಾಗಿ ದುಡಿಯುತ್ತಾ 7 ಆಂಪಿಯರ್ ಎಳೆಯುವ ಹೊತ್ತಿನಲ್ಲಿ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಸುಮಾರು 0.6 ವೋಲ್ಟ್ ಸೋರಿಹೋಗುತ್ತದೆ. 4 ಚದರ ಮಿಲಿಮೀಟರ್ ಹಾಕಿದರೆ ಅದು 0.4ಕ್ಕಿಂತ ಕೆಳಗಿಳಿಯುತ್ತದೆ. ಈ ಸಣ್ಣ ವ್ಯತ್ಯಾಸ ಕಾಡುವುದು ಬೆಳಗಿನ ಜಾವ, ಬ್ಯಾಟರಿ ಬಳಲಿರುವಾಗ. ದೊಡ್ಡ ಅಲೆ ಬಂದು ಮೋಟಾರು ಬಲ ಕೇಳಿದ ಕ್ಷಣದಲ್ಲೇ ವೋಲ್ಟೇಜು ಕುಸಿದು ಗಣಕ ಆರಿ ಮತ್ತೆ ಹೊಸದಾಗಿ ಶುರುವಾಗುತ್ತದೆ. ಪೈಲಟ್ ಕೆಟ್ಟಿದೆಯೆಂದು ಕಂಪನಿಗೆ ವಾಪಸು ಕಳಿಸುವ ಮೊದಲು ತಂತಿಯ ದಪ್ಪ ನೋಡಿ, ಜೋಡಣೆಗಳಲ್ಲಿ ಹಸಿರು ಕಿಲುಬು ಕೂತಿದೆಯೇ ನೋಡಿ.

ದಿಕ್ಕಿನ ಸಂವೇದಕ ದಿಕ್ಸೂಚಿಯಂತೆ ಕಾಂತಬಲದಿಂದ ದಿಕ್ಕು ತಿಳಿಯುತ್ತದೆ, ಅದಕ್ಕೆ ಜಾಗ ಹುಡುಕುವಾಗ ಎಂಜಿನ್ನು, ಸ್ಪೀಕರು, ಕಬ್ಬಿಣದ ಸಾಮಾನುಗಳಿಂದ ಒಂದು ಮೀಟರಾದರೂ ದೂರವಿರಲಿ. ತಗಡಿನ ಡಬ್ಬಿಗಳಲ್ಲಿ ತುಂಬಿದ ಆಹಾರವನ್ನು ಅದರ ಪಕ್ಕದ ಕಪಾಟಿಗೆ ತುರುಕಿದರೆ ದೋಣಿ ಬೇರೆಲ್ಲಿಗೋ ಹೊರಡುತ್ತದೆ. ಈಗಿನ ಪೈಲಟ್‌ಗಳಲ್ಲಿ ಗೈರೊ ಸಂವೇದಕಗಳು ಸೇರಿಕೊಂಡೇ ಬರುತ್ತವೆ. ದೋಣಿ ದಿಕ್ಕು ತಪ್ಪಿದ ಮೇಲೆ ತಿದ್ದುವ ಬದಲು, ತಪ್ಪಲು ಶುರುವಿಟ್ಟ ಗಳಿಗೆಯಲ್ಲೇ ಅವು ಚಕ್ರ ತಿರುಗಿಸುತ್ತವೆ. ಬೇಗ ತಿದ್ದಿದರೆ ಕಡಿಮೆ ತಿದ್ದಿದರೆ ಸಾಕು, ಬೆಲ್ಟಿಗೂ ಹೊರೆ ಕಡಿಮೆ. ಭಾರದ ದೋಣಿಯವರು ಗೈರೊ ಇಲ್ಲದ ಹಳೆಯ ಮಾದರಿಯನ್ನು ಅಗ್ಗವೆಂದು ಕೊಳ್ಳಬಾರದು.

ಮಿತಿ ಮೀರಿದರೆ

ನಿಮ್ಮ ಲೆಕ್ಕ ಮುಕ್ಕಾಲು ಗಡಿ ದಾಟಿ ನಿಂತಿದ್ದು, ದೂರ ಹೋಗುವ ಇರಾದೆ ಇದ್ದರೆ ಡೆಕ್ಕಿನ ಕೆಳಗಿನ ಡ್ರೈವ್ ಕಡೆಗೆ ತಿರುಗಿ. ಅದು ಚಕ್ರವನ್ನು ಬಿಟ್ಟು ಚುಕ್ಕಾಣಿಯ ದಂಡಕ್ಕೇ ನೇರವಾಗಿ ಬಲ ಕೊಡುತ್ತದೆ. ಮಳೆ, ಉಪ್ಪುನೀರು, ಬಿಸಿಲಿನಿಂದ ಮರೆಯಲ್ಲಿರುತ್ತದೆ. ದಂಡಕ್ಕೆ ತನ್ನದೇ ತೋಳು ಹಾಕಿ ಜೋಡಿಸಿದರೆ ಚಕ್ರದ ತಂತಿ ತುಂಡಾದ ದಿನವೂ ದೋಣಿಯನ್ನು ನಡೆಸುತ್ತದೆ, ವೀಲ್ ಪೈಲಟ್‌ನಿಂದ ಇದು ಸಾಧ್ಯವಿಲ್ಲ. ಬೆಲೆ ಹೆಚ್ಚು, ಜೋಡಣೆಗೆ ದೋಣಿಯ ಒಡಲನ್ನು ಬಲಪಡಿಸುವ ಕೆಲಸವೂ ಸೇರುತ್ತದೆ. ಆದರೂ ಭಾರದ ದೋಣಿಗೆ ಎರಡು ಸಲ ವೀಲ್ ಪೈಲಟ್ ಕೊಂಡು ಕೊನೆಗೆ ಇಲ್ಲಿಗೇ ಬರುವುದಕ್ಕಿಂತ ಮೊದಲೇ ಬರುವುದು ಲೇಸು.

ಕೊಂಡ ಮೇಲೆ

ಕಟ್ಟೆಯಲ್ಲೇ ಚುಕ್ಕಾಣಿಯ ಎರಡು ಕೊನೆಗಳನ್ನು ಪೈಲಟ್‌ಗೆ ಪರಿಚಯಿಸಿ, ಆಮೇಲೆ ಶಾಂತ ನೀರಿಗೆ ಹೋಗಿ ನಿಧಾನವಾಗಿ ವೃತ್ತ ಹಾಕಿ ದಿಕ್ಸೂಚಿಯ ತಪ್ಪನ್ನು ಸರಿಪಡಿಸಿ. ಚಕ್ರದ ಬ್ರೇಕನ್ನು ಸಡಿಲಿಸಿದ್ದೀರೋ ಎಂದು ಪ್ರತಿ ಸಲ ನೋಡಿ, ಬಿಗಿದ ಬ್ರೇಕಿನೊಂದಿಗೆ ಪೈಲಟ್ ಓಡಿಸಿದರೆ ಬೆಲ್ಟು ಬಾಳುವುದಿಲ್ಲ. ಮೊದಲ ಪ್ರಯಾಣಗಳಲ್ಲಿ ಎದುರು ಗಾಳಿ, ಪಕ್ಕದ ಗಾಳಿ, ಹಿಂದಿನ ಗಾಳಿ ಮೂರರಲ್ಲೂ ಹಗಲಿನಲ್ಲೇ ಪರೀಕ್ಷಿಸಿ. ಹಿಂದಿನ ಗಾಳಿಯದೇ ಕಠಿಣ ಪರೀಕ್ಷೆ. ಹಾಯಿ ಏಕಾಏಕಿ ಮಗ್ಗುಲು ಬದಲಿಸದಂತೆ ಬೂಮನ್ನು (ಮುಖ್ಯ ಹಾಯಿಯ ಕೆಳ ಅಂಚಿನ ಅಡ್ಡಗಳುವನ್ನು) ಹಗ್ಗದಿಂದ ಮುಂದಕ್ಕೆ ಕಟ್ಟಿಯೇ ಪ್ರಯತ್ನಿಸಿ.

ಪೈಲಟ್ ಚುಕ್ಕಾಣಿ ಹಿಡಿದಿದೆ, ಕಣ್ಣು ಹಿಡಿದಿಲ್ಲ. ಸುತ್ತಲೂ ನಿಗಾ ಇಡುವ ಹೊಣೆಯನ್ನು 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಐದನೆಯ ನಿಯಮ ಪ್ರತಿ ದೋಣಿಯ ಮೇಲೂ ಹೊರಿಸಿದೆ. ಇನ್ನೊಂದು ಮಾತು ಹೇಳುವಾಗ ನನ್ನ ಎದೆ ಭಾರವಾಗುತ್ತದೆ: ಒಬ್ಬರೇ ಇರುವಾಗ ನೀವು ನೀರಿಗೆ ಬಿದ್ದರೆ ಒಳ್ಳೆಯ ಪೈಲಟ್ ನಿಮ್ಮ ದೋಣಿಯನ್ನು ದಿಕ್ಕು ತಪ್ಪದಂತೆ ನಿಮ್ಮಿಂದ ದೂರ ಒಯ್ಯುತ್ತದೆ. ಸೊಂಟಪಟ್ಟಿಯ ಹಗ್ಗವನ್ನು ದೋಣಿಗೆ ಕೊಂಡಿ ಹಾಕಿಕೊಳ್ಳದೆ ಪೈಲಟ್ ಗುಂಡಿ ಒತ್ತಬೇಡಿ.

ಹೆಚ್ಚುವರಿ ಬೆಲ್ಟೊಂದನ್ನು ಕಪಾಟಿನಲ್ಲಿಡಿ, ಅದನ್ನು ಬದಲಿಸುವುದನ್ನು ಕಟ್ಟೆಯಲ್ಲೇ ಒಮ್ಮೆ ಮಾಡಿ ಕಲಿಯಿರಿ. ಪಾಳಿಯಲ್ಲಿ ಕೂತಾಗ ಆಗಾಗ ಬಳೆಯ ಮೇಲೆ ಅಂಗೈ ಇಟ್ಟು ನೋಡಿ. ಮೋಟಾರಿನ ಕಡೆ ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಹಾಯಿ ಕುಗ್ಗಿಸುವ ಹೊತ್ತು ಬಂದಿದೆ.